ಅಕ್ಕನ ಖಾಲಿ ಚರಿಗೆ

ಆ ಚರಿಗೆಯಲ್ಲಿ ನೀರಿತ್ತೋ ಇರಲಿಲ್ಲವೋ ಎಂದು ಈಗ ಆಣೆ ಮಾಡಿ ಹೇಳಲಾರೆ. ಖಾಲಿ ಇತ್ತು ಎಂದೇ ನನ್ನ ನೆನಪು. ಆದರೆ ನನ್ನ ನೆನಪಿನ ಮೇಲೆ ನನಗಿರುವ ವಿಶ್ವಾಸ ಅಷ್ಟಕ್ಕಷ್ಟೇ. ಧಾರವಾಡದಲ್ಲಿ ಎಂ.ಎ. ಓದುವಾಗ ನಾನು ಸರಿಯಾಗಿ ಕಲಿತದ್ದು ಸಂಶಯಪಡುವುದೊಂದನ್ನೇ. ಬೇರೆಯವರ ಮಾತಿನ ಮೇಲೆ ಅದನ್ನು ಪ್ರಯೋಗಿಸಿ ಜಾಣ ಅನಿಸಿಕೊಂಡೆ; ಈಗ ನನ್ನ ಮಾತಿನ ಮೇಲೆ ಪ್ರಯೋಗಿಸಿಕೊಂಡು ನಿದ್ದೆಗೆಡುತ್ತೇನೆ.

ಮೊನ್ನೆ ಮೊರಬದಲ್ಲಿ ಅಕ್ಕನ ಮನೆ ಸ್ವಚ್ಛ ಮಾಡುವಾಗ ಬಚ್ಚಲಿನ ಗೂಡಿನಲ್ಲಿ ಅದೇ ಹಿತ್ತಾಳೆ ಚರಿಗೆ ಸಿಕ್ಕಿತು. ಅಕ್ಕ ತೀರಿಕೊಂಡಾಗಿನಿಂದ ಅದನ್ನು ಯಾರೂ ಮುಟ್ಟಿಲ್ಲ. ಹಸಿರುಗಟ್ಟಿದೆ. ಚರಿಗೆಯ ಮಹಿಮೆ ನಿಮಗೂ ಗೊತ್ತಿರಬೇಕು. ಬೆಳಗಿನ ಹೊತ್ತು ಹೆಣ್ಣುಮಗಳೊಬ್ಬಳು ಚರಿಗೆ ಹಿಡಿದು ಊರ ಹೊರಗೆ ನಡೆದರೆ ಬಯಲು ಕಡೆಗೆ ಹೊರಟಿದ್ದಾಳೆಂದೇ ಅರ್ಥ. ಯಾರೂ ತಡೆದು ಮಾತಾಡಿಸುವುದಿಲ್ಲ. ಗಂಡಸರು ಮುಖ ಅತ್ತ ತಿರುಗಿಸುತ್ತಾರೆ. ಅಕ್ಕನಿಗೆ ಬೇಕಾದದ್ದು ಅಷ್ಟೇ.

ಅಕ್ಕ ಆ ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ, ಮದುವೆಯಾಗಿರಲಿಲ್ಲ. ಊರಿಗೆಲ್ಲ ಆಕೆ ‘ಅಕ್ಕೋರು’. ಸ್ತನದ ಕ್ಯಾನ್ಸರ್ ಎಂದು ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಕಿಮೋ ಶುರುವಾಗಿತ್ತು. ಅದೇ ಹೊತ್ತಿಗೆ ನನ್ನ ಅತಿಥಿ ಉಪನ್ಯಾಸಕನ ಕೆಲಸ ನನ್ನನ್ನು ಬಿಟ್ಟಿದ್ದರಿಂದ, ತ್ಯಾಗ ಮಾಡಿದವನಂತೆ ಮುಖ ಮಾಡಿಕೊಂಡು ಆಕೆಯ ಮನೆಗೆ ಬಂದಿದ್ದೆ. ಡಾಕ್ಟರು ಹೇಳಿದ್ದರು: “ಹಾಸಿಗಿ ಹಿಡೀಬ್ಯಾಡ್ರಿ. ಆದಷ್ಟ ದಿನಾ ನಡೀರಿ. ಕೈ ಸಾವಕಾಶ ಮ್ಯಾಲೆ ಎತ್ತಿ ರೂಢಿ ಮಾಡ್ರಿ. ಮಲಗಿದಷ್ಟೂ ದಣಿವು ಹೆಚ್ಚಾಗತೈತಿ.”

ಹೇಳುವುದು ಸುಲಭ. ನಮ್ಮ ಊರುಗಳಲ್ಲಿ ಕೆಲಸವಿಲ್ಲದೆ ನಡೆಯುವ ಹೆಂಗಸು ಎಂದರೆ ಎಲ್ಲರಿಗೂ ಒಂದು ಪ್ರಶ್ನೆ, ಅದರಲ್ಲೂ ಜಡ್ಡಾದವಳು. ಮೊದಲ ದಿನ ಓಣಿ ದಾಟುವುದರೊಳಗೆ, “ಯಾಕ್ರಿ ಅಕ್ಕೋರ, ಎಲ್ಲಿ ಹೊಂಟ್ರಿ? ಮನ್ಯಾಗ ಮಲಕೋಬಾರದೇನ್ರಿ?” ಎಂದು ನಾಲ್ಕಾರು ಮಂದಿ ಕೇಳಿದರಂತೆ. ಮರುದಿನ ಇನ್ನೂ ಕಷ್ಟ. ಹತ್ತಿ ಹೊಲದ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿದ ಹಳೆಯ ವಿದ್ಯಾರ್ಥಿಯೊಬ್ಬ, “ಇಂಥಾ ಮೈಯಾಗ ನಡೀತೀರೇನ್ರಿ? ಹತ್ರಿ, ಹತ್ರಿ” ಎಂದು ಒತ್ತಾಯ ಮಾಡಿ ಹತ್ತಿಸಿಕೊಂಡು ಬಾಗಿಲಿಗೇ ತಂದು ಇಳಿಸಿದ. ಅಕ್ಕ ಒಳಗೆ ಬಂದು ಕುಸಿದು ಕುಳಿತಳು.

“ವಾಕಿಂಗ್ ಹೋದಾಕಿನ್ನ ಟ್ರ್ಯಾಕ್ಟರ್‌ದಾಗ ತಂದು ಒಗದಾರ ನೋಡಪಾ. ಇವರ ಪ್ರೀತ್ಯಾಗ ನಾ ಲಗೂನ ಸಾಯ್ತೀನಿ.”

ಚರಿಗೆಯ ಉಪಾಯ ಆಕೆಗೆ ಹೊಳೆದದ್ದು ಆಮೇಲೆ. ಶಸ್ತ್ರಚಿಕಿತ್ಸೆಯಾದ ಕಡೆಯ ಕೈಗೆ ಭಾರ ಕೊಡುವಂತಿರಲಿಲ್ಲ. ಇನ್ನೊಂದು ಕೈಯಲ್ಲಿ ಚರಿಗೆ, ಕೂದಲುದುರಿದ ತಲೆಯ ಮೇಲೆ ಬಿಗಿಯಾಗಿ ಸೆರಗು. ನಾನೂ ಜೊತೆಗೆ ಬರುತ್ತೇನೆಂದೆ.

“ಚರಿಗಿ ಹಿಡದ ಹೆಂಗಸಿನ ಬೆನ್ನ ಹತ್ತಿ ಬರ್ತೀಯೇನು? ಊರಾಗ ಮುಖ ಎತ್ತಿ ತಿರಗೋದು ಬ್ಯಾಡೇನ ನಿನಗ?”

ಹೀಗೆ ಆ ಉಪಾಯ ಊರನ್ನು ದೂರವಿಟ್ಟಂತೆ ನನ್ನನ್ನೂ ದೂರವಿಟ್ಟಿತು. ನಾನು ಕಟ್ಟೆಯ ಮೇಲೆ ಕುಳಿತು, ಆಕೆ ಕಾಲುವೆಯ ಕಡೆಗೆ ಸಣ್ಣವಳಾಗುತ್ತ ಹೋಗುವುದನ್ನು ನೋಡುತ್ತಿದ್ದೆ. ಎರೆಹೊಲದ ಬಯಲಿನಲ್ಲಿ ಮನುಷ್ಯ ಬಹಳ ದೂರದವರೆಗೆ ಕಾಣುತ್ತಾನೆ. ಒಬ್ಬನೇ ಇದ್ದರೆ, ಒಬ್ಬನೇ ಎಂದು ಬಹಳ ದೂರದವರೆಗೆ ಕಾಣುತ್ತಾನೆ.

ಒಂದು ದಿನ ಪಂಚಾಯ್ತಿ ಸದಸ್ಯರೇ ಬಂದರು. “ಅಕ್ಕೋರ, ತಪ್ಪ ತಿಳೀಬ್ಯಾಡ್ರಿ. ಬಯಲಕಡಿ ಹೋಗಬಾರದು ಅಂತ ಸಾಲಿ ಹುಡುಗರಿಗೆ ಹಾಡ ಕಲಿಸಿದಾಕಿ ನೀವ. ನಿಮ್ಮ ಪಾಯಖಾನಿ ಕೆಟ್ಟೇತೇನ್ರಿ?”

“ಕೆಟ್ಟೇತ್ರಿ,” ಅಂದಳು ಅಕ್ಕ. ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲ. “ರಿಪೇರಿ ನಡದೈತಿ. ಭಾಳ ದಿನ ಹಿಡೀತೈತಂತ.”

ಮಾಬೂಬಿ ಬಂದದ್ದು ಅದಾದ ಮೇಲೆ ಅನಿಸುತ್ತದೆ. ಅಥವಾ ಮೊದಲೇ ಇರಬಹುದು. ಹಿಂದಿನ ಓಣಿಯ ಹಿಟ್ಟಿನ ಗಿರಣಿಯ ಮನೆಯಾಕೆ, ಅಕ್ಕನ ವಯಸ್ಸಿನವಳು, ತುಸು ಕುಂಟುತ್ತ ನಡೆಯುವವಳು. “ನಿಂದರ್ರಿ ಅಕ್ಕೋರ, ನನಗೂ ಅವಸರ ಆಗೇತಿ” ಎಂದು ಚರಿಗೆ ಹಿಡಿದು ದಾರಿಯಲ್ಲಿ ಸೇರಿಕೊಂಡಳಂತೆ. ಮೊದಮೊದಲು ಅಕ್ಕ ಗೊಣಗುತ್ತಿದ್ದಳು: “ಗಂಟ ಬಿದ್ದಾಳ ನೋಡು. ಅಗದಿ ನಾ ಹೊರಡೂ ಹೊತ್ತಿಗೇ ಆಕಿಗೂ ಬರತೈತಿ.” ಆಮೇಲೆ ಗೊಣಗುವುದು ನಿಂತಿತು. ಖಾಲಿ ಚರಿಗೆ ನೋಡಿ ಮಾಬೂಬಿ, “ನೀರಿಲ್ಲದ ಹೊಂಟೀರಲ್ರಿ! ಬೇಕಂದ್ರ ನಂದ್ರಾಗಿನ ಅರ್ಧಾ ಕೊಡ್ತೀನಿ” ಅಂದದ್ದನ್ನು ಹೇಳಿ ಅಕ್ಕ ಎದೆ ಹಿಡಿದುಕೊಂಡು ನಕ್ಕಿದ್ದಳು. ನಕ್ಕರೆ ಹೊಲಿಗೆ ಜಗ್ಗುತ್ತಿತ್ತು.

ಒಮ್ಮೆ ನವಲಗುಂದದಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಅವರನ್ನು ಕಂಡೆ. ಕಾಲುವೆಯ ದಂಡೆಯಲ್ಲಿ ಚರಿಗೆಗಳನ್ನು ಇಟ್ಟು ಇಬ್ಬರೂ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಮಾಬೂಬಿಯ ಕೈ ನೆಟ್ಟಗೆ, ಅಕ್ಕನ ಕೈಗಳಲ್ಲಿ ಒಂದು ಅರ್ಧಕ್ಕೇ ನಿಂತಿತ್ತು. “ಮಳಿ ಕರಿಯಾಕತ್ತಾರೇನ್ಲೇ?” ಎಂದು ಹಿಂದೆ ಯಾರೋ ನಕ್ಕರು. ಇದನ್ನು ನಾನೇ ಕಂಡೆನೋ, ಅಕ್ಕ ಹೇಳಿದ್ದನ್ನು ಕೇಳಿ ಕಿಟಕಿಯನ್ನು ನಾನು ಸೇರಿಸಿಕೊಂಡೆನೋ!

ಕಿಮೋ ಆದ ಮರುದಿನಗಳಲ್ಲಿ ಅಕ್ಕ ಬಾಗಿಲವರೆಗೆ ಬಂದು ನಿಂತುಬಿಡುತ್ತಿದ್ದಳು. “ಮಾಬೂಬಿ ಹಾದ್ಯಾಗ ನಿಂತಿರ್ತಾಳ,” ಎಂದು ತನಗೇ ಹೇಳಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಬಂದ ಮೇಲೆ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದಳು. ಚಿಕಿತ್ಸೆ ಮುಗಿಸಿ ಕೆಲವು ವರ್ಷ ಶಾಲೆಗೂ ಹೋದಳು, ಅರ್ಧಕ್ಕೆ ನಿಲ್ಲುತ್ತಿದ್ದ ಆ ಕೈಯಿಂದಲೇ ಹಲಗೆಯ ಮೇಲೆ ಬರೆದಳು. ಆಮೇಲೆ ರೋಗ ತಿರುಗಿ ಬಂತು.

ಚರಿಗೆ ತಿಕ್ಕುತ್ತ ಕುಳಿತಾಗ ನನ್ನ ಹಳೆಯ ಚಟ ಎದ್ದಿತು. ಆಕೆಯ ಜೊತೆಗೆ ನಿಜಕ್ಕೂ ಯಾರಾದರೂ ನಡೆದಿದ್ದರೇ? ಮಾಬೂಬಿ ತನ್ನ ದೇಹದ ಕರೆಗೆ ಹೊರಟಿದ್ದು, ಅದನ್ನೇ ಅಕ್ಕ ಜೊತೆ ಎಂದುಕೊಂಡಿರಬಹುದಲ್ಲ? ಕೇಳೋಣವೆಂದರೆ ಮಾಬೂಬಿಯೂ ಹೋದ ವರ್ಷ ತೀರಿಕೊಂಡಳು.

ಗಿರಣಿಯ ಮನೆಗೆ ಹೋದೆ. ಸೊಸೆ ಇದ್ದಳು. ವಿಷಯ ಹೇಗೆ ತೆಗೆಯುವುದೋ ತಿಳಿಯದೆ, “ಯವ್ವಾ, ಸ್ವಲ್ಪ ಅವಸರ ಆಗೇತಿ,” ಅಂದುಬಿಟ್ಟೆ.

“ಅದಕ್ಯಾಕ ಸಂಕೋಚ ಕಾಕಾ? ಹಿತ್ತಲದಾಗೈತಿ, ಹೋಗಿ ಬರ್ರಿ.”

ಹೊಸದಾಗಿ ಪಾಯಖಾನೆ ಕಟ್ಟಿದಾಗ ಬಹಳ ಮನೆಗಳಲ್ಲಿ ಅದನ್ನು ಬಳಸದೆ ಒಳಗೆ ಸಗಣಿಯ ಕುಳ್ಳು ಒಟ್ಟುತ್ತಿದ್ದರು. ಅದನ್ನೂ ಕೇಳಿದೆ.

“ಕುಳ್ಳಾ? ಏನ್ ಕಾಕಾ! ನಮ್ಮತ್ತಿಗೆ ಮೊಣಕಾಲ ಬ್ಯಾನಿ, ದೂರ ನಡಿಯಾಕ ಆಗ್ತಿರಲಿಲ್ಲ. ಆಕಿ ಸಲುವಾಗಿನ ಕಟ್ಟಿಸಿದ್ದು.”

ತಗಡಿನ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಮಾಬೂಬಿಯ ಹೆಸರು, ಕೆಳಗೆ ಕಟ್ಟಿದ ವರ್ಷ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಅದು ಅಕ್ಕನಿಗೆ ಜಡ್ಡಾಗುವ ಎರಡು ವರ್ಷ ಮೊದಲಿನದು.