ಹಕಾರದ ಜಗಳ ಮತ್ತು ನಮ್ಮ ಮೊದಲ ಹಾಡು

ನಲವತ್ತು ದಾಟಿದ ಮೇಲೆ ಪಾಪ್ ಹಾಡು ಹಾಡಲು ಹೊರಟವಳಿಗೆ ಇಷ್ಟಾದರೂ ಆಗಲೇಬೇಕಿತ್ತು ಎನ್ನುತ್ತಾರೆ ನನ್ನ ಮನೆಯವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅಲ್ಲಿಯ ವಾರ್ಷಿಕೋತ್ಸವದಲ್ಲಿ ನಾನೊಂದು ವಚನ ಹಾಡಿದೆ. ನನ್ನ ನಂತರ ಡಿಸ್ಪ್ಯಾಚ್ ವಿಭಾಗದ ಸೂಪರ್‌ವೈಸರ್ ತಾನೇ ಬರೆದ ರ‍್ಯಾಪ್ ಹೇಳಿ ಸಭೆಯನ್ನು ಎಬ್ಬಿಸಿಬಿಟ್ಟ. ಆತ ಮಾಕಳಿಯವನು. ಮರುದಿನವೇ ನನ್ನ ಟೇಬಲ್ ಮುಂದೆ ಬಂದು ನಿಂತ.

"ಮೇಡಂ, ದನಿ ನಿಮ್ದು, ಮಾತು ನಂದು. ಒಂದ್ ಆಡು ಮಾಡಾನ."

ಹಾಡು ಚೆನ್ನಾಗಿಯೇ ಇತ್ತು. ಜಾಲಹಳ್ಳಿ ಕ್ರಾಸ್ ಸಿಗ್ನಲ್‌ನಲ್ಲಿ ದಿನಾ ಬೆಳಿಗ್ಗೆ ಅಕ್ಕಪಕ್ಕ ನಿಲ್ಲುವ ಇಬ್ಬರು, ಹೆಲ್ಮೆಟ್ಟಿನೊಳಗಿಂದಲೇ ಒಬ್ಬರನ್ನೊಬ್ಬರು ಕದ್ದು ನೋಡುವ ಕತೆ. ಪಲ್ಲವಿ ನನಗೆ, ನಡುವಿನ ರ‍್ಯಾಪ್ ಆತನಿಗೆ. ಒಂದು ಭಾನುವಾರದಲ್ಲಿ ಮುಗಿಯುತ್ತದೆ ಎಂದುಕೊಂಡು ಒಪ್ಪಿದೆ.

ಸ್ಟುಡಿಯೊ ಎಂದರೆ ಲಗ್ಗೆರೆಯ ಒಂದು ಮನೆಯ ಮೇಲಿನ ಕೋಣೆ. ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿದ್ದರು. ಫ್ಯಾನ್ ಹಾಕಿದರೆ ಸದ್ದು, ಹಾಕದಿದ್ದರೆ ಸೆಕೆ. ಟ್ಯೂನ್, ರೆಕಾರ್ಡಿಂಗ್, ಮಿಕ್ಸಿಂಗ್ ಎಲ್ಲವೂ ಆ ಮನೆಯ ಮಗನದೇ. ಪಕ್ಕದ ಶೆಡ್ಡಿನಲ್ಲಿ ತಗಡು ಕತ್ತರಿಸುವ ಪ್ರೆಸ್ ಇತ್ತು. ನಾನು ಉಸಿರೆಳೆದು ಬಾಯಿ ತೆರೆಯುವ ಹೊತ್ತಿಗೇ ಅದು 'ಧಡ್' ಎನ್ನುತ್ತಿತ್ತು.

"ಭಾನುವಾರ ಶೆಡ್ ಮುಚ್ಚಿರುತ್ತೆ ಅಂದಿದ್ರಲ್ಲ?"

"ಅರ್ಜೆಂಟ್ ಆರ್ಡರ್ ಇರ್ಬೇಕು ಅಕ್ಕ. ಪರ್ವಾಗಿಲ್ಲ, ಬೀಟ್‌ಗೆ ಸಕ್ಕತ್ತಾಗ್ ಕೂರುತ್ತೆ. ಇನ್ನೊಂದೇ ಒಂದು ಟೇಕ್."

ಬೀಟ್‌ಗೆ ಕೂರಲಿಲ್ಲ. ಆ 'ಇನ್ನೊಂದೇ ಒಂದು' ಎಂಬ ಮಾತು ಅವತ್ತು ಸಂಜೆಯವರೆಗೂ ನಡೆಯಿತು. ಮುಂದಿನ ಭಾನುವಾರ ಪ್ರೆಸ್ ಸುಮ್ಮನಿತ್ತು. ಕೆಳಗಿನ ಮನೆಯವರು ದೋಸೆಗೆ ರುಬ್ಬಲು ಕೂತರು.

ಅದನ್ನೂ ಸಹಿಸಿದೆ. ತಾಳ್ಮೆ ತಪ್ಪಿದ್ದು ಒಂದು ಅಕ್ಷರಕ್ಕೆ. ಪಲ್ಲವಿಯಲ್ಲಿ ಆತ ಬರೆದಿದ್ದು 'ಇಂಗ್ಯಾಕೆ ನೋಡ್ತೀಯ' ಎಂದು. ನಾನು ಹಾಡಿದ್ದು 'ಹೀಗ್ಯಾಕೆ'.

"ಅಕ್ಕ, ಆ 'ಹ' ಬಿಟ್ಬಿಡಿ. ಮೈಕ್‌ಗೆ ಗಾಳಿ ಹೊಡೀತಿದೆ," ಎಂದ ಮಿಕ್ಸಿಂಗ್ ಮಹಾಶಯ.

"ಬಿಡಲ್ಲ. ಸಣ್ಣವಳಿದ್ದಾಗ ಹಕಾರ ತಪ್ಪಿದ್ರೆ ನಮ್ಮಪ್ಪ ವಚನವನ್ನ ಮೊದಲಿಂದ ಹೇಳಿಸ್ತಿದ್ರು. ನನ್ನ ಬಾಯಲ್ಲಿ ಅದು ಬರೋದೇ ಹೀಗೆ."

ಡಿಸ್ಪ್ಯಾಚ್‌ನವನು ತನ್ನ ಸರದಿ ಬಂದಾಗ ಮೈಕಿನ ಮುಂದೆ ನೆಟ್ಟಗೆ ನಿಂತು, 'ಹಾಗೆ', 'ಹೀಗೆ', 'ಹೋಗು' ಎಂದು ಒಂದೊಂದನ್ನೂ ಒತ್ತಿ ಒತ್ತಿ ಹೇಳತೊಡಗಿದ. ಸಭೆಯಲ್ಲಿ ಕುಣಿದಾಡಿದ್ದ ಮಾತುಗಳು ಕೈಕಟ್ಟಿ ನಿಂತುಬಿಟ್ಟವು. ನಾನು ಎರಡು ಸಲ ಕೇಳಿಸಿಕೊಂಡೆ, ಮೂರನೆಯ ಸಲ ತಡೆಯಲಾಗಲಿಲ್ಲ.

"ವಾರ್ತೆ ಓದೋಕೆ ಯಾರ್ ಹೇಳಿದ್ರು ನಿಮಗೆ?"

"ನೀವೇ ಅಲ್ವಾ ಮೇಡಂ, 'ಹ' ಬೇಕು ಅಂದಿದ್ದು?"

"ನನ್ನ ಸಾಲಿಗೆ ಅಂದೆ ರೀ! ನಿಮ್ಮ ಸಾಲಿಗಲ್ಲ!"

"ಅಂಗಂದ್ರೆ ನಾನು ಇಂಗೇ ಯೋಳ್ಲಾ?"

"ಹೇಳಿ ಮಾರಾಯ್ರೇ!"

ಆತ ನಕ್ಕ. ಮುಂದಿನ ಟೇಕ್ ಒಂದೇ ಉಸಿರಿಗೆ ಮುಗಿಯಿತು. ನನ್ನ ಕಾಲೇ ತಾನಾಗಿ ತಾಳ ಹಾಕುತ್ತಿತ್ತು. ಪಲ್ಲವಿಯ ಕೊನೆಯಲ್ಲಿ ನಾನು 'ಹೀಗ್ಯಾಕೆ' ಎಂದು ಕೇಳುವುದು, ಆತ 'ಇಂಗ್ಯಾಕೆ' ಎಂದು ತಿರುಗಿ ಕೇಳುವುದು ಎಂದು ಅಲ್ಲೇ ನಿಂತು ತೀರ್ಮಾನವಾಯಿತು. ಎರಡು ವಾರಗಳಲ್ಲಿ ನನಗೆ ಖುಷಿಯಾಗಿದ್ದು ಅದೊಂದೇ ಗಳಿಗೆ.

ಮಿಕ್ಸಿಂಗಿಗೆ ತಿಂಗಳು ಹಿಡಿಯಿತು. ಕೇಳಿದಾಗಲೆಲ್ಲ "ನಾಳೆ ಪಕ್ಕಾ ಅಕ್ಕ" ಎಂಬ ಉತ್ತರ. ಕೊನೆಗೊಂದು ಬೆಳಿಗ್ಗೆ ನಮಗೆ ತೋರಿಸದೆಯೇ ಹಾಡನ್ನು ನೆಟ್‌ಗೆ ಬಿಟ್ಟು ಲಿಂಕ್ ಕಳಿಸಿದ. ಆಫೀಸಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ, ಮೊಟ್ಟಮೊದಲು ಒಂದು ಸಿಂಹ ಗರ್ಜಿಸಿತು. ಅದರ ಹಿಂದೆಯೇ ಅವನ ದನಿ ತನ್ನ ಸ್ಟುಡಿಯೊದ ಹೆಸರನ್ನು ಕೂಗಿತು. ಆಮೇಲೆ ನಾನು.

ಫೋನ್ ಮಾಡಿದೆ. "ಸಿಂಹ ಯಾಕೆ?"

"ಅದು ನನ್ನ ಟ್ಯಾಗ್ ಅಕ್ಕ. ಎಲ್ಲಾ ಪ್ರೊಡ್ಯೂಸರ್‌ಗೂ ಇರುತ್ತೆ."

"ತೆಗೀರಿ."

"ಈಗ ತೆಗೆದ್ರೆ ಹೊಸದಾಗಿ ಹಾಕ್ಬೇಕು. ಬಂದಿರೋ ಲೈಕೆಲ್ಲಾ ಹೋಗ್ಬಿಡುತ್ತೆ."

ಡಿಸ್ಪ್ಯಾಚ್‌ಗೆ ಇಳಿದು ಹೋಗಿ ದೂರಿದೆ. ಆತನೂ ಮುಖ ಊದಿಸಿಕೊಂಡೇ ಕೂತಿದ್ದ. "ನಮ್ಮನೇಲಿ ಮಗು ಎದರ್ಕೊಂಡ್ ಅಳ್ತು ಮೇಡಂ," ಎಂದ.

ಸಂಜೆ ಗದಗದಿಂದ ಅವ್ವ ಫೋನ್ ಮಾಡಿದಳು. "ಹಾಡು ಚಲೋ ಐತಿ. ಶುರುವಿಗೇ ಒದರ್ತಾನಲ್ಲ, ಯಾರವ್ವಾ ಅಂವಾ?"

ಹೇಳಿದೆ.

"ಇರ್ಲಿ ಬಿಡು. ಆಮ್ಯಾಲ ಇಂಗ್ಯಾಕ ಇಂಗ್ಯಾಕ ಅಂತಾನಲ್ಲ, ಅಂವಾ ಭಾಳ ಚಂದ ಅಂತಾನ."

ನಾನು ಹಾಡಿದ್ದರ ಬಗ್ಗೆಯೂ ಏನಾದರೂ ಹೇಳುತ್ತಾಳೇನೋ ಎಂದು ಕಾದೆ. ಅವ್ವ ಊಟಕ್ಕೇನು ಮಾಡಿದ್ದೀ ಎಂದು ಕೇಳಿದಳು.