ಇಲಿಗಳ ಕಿವಿಗೆ ನಮ್ಮ ಮನೆಯ ಗುರುತು

ನಮ್ಮ ಕಾಲೇಜಿನ ಆಫೀಸಿನಲ್ಲಿ ಕಾಗದಕ್ಕೆ ತೂತು ಹಾಕುವ ಒಂದು ಯಂತ್ರವಿದೆ. ಗುಮಾಸ್ತರು ಅದನ್ನು ಒತ್ತಿದಾಗ ‘ಕಟಕ್’ ಎನ್ನುತ್ತದೆ. ನನ್ನ ಕೈ ತಾನಾಗಿ ಎಡಗಿವಿಗೆ ಹೋಗುತ್ತದೆ. ಮೊನ್ನೆ ಅವರು ಕೇಳಿಯೇ ಬಿಟ್ಟರು: “ಸರ್, ಕಿವಿ ನೋವೇನ್ರಿ?” ಇಲ್ಲ ಎಂದೆ. ಕಾರಣ ಹೇಳಬೇಕೆಂದರೆ ಹನ್ನೆರಡು ಇಲಿಗಳಿಂದ ಶುರುಮಾಡಬೇಕು, ಅವರಿಗೋ ಊಟದ ಹೊತ್ತಾಗಿತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಮೊದಲೇ ಒಂದು ಎಚ್ಚರಿಕೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಸರಿಯಾಗಿ ಕಲಿತದ್ದು ಒಂದೇ, ಅನುಮಾನಪಡುವುದು. ಉಳಿದವರ ಮೇಲೆಲ್ಲ ಅನುಮಾನಪಟ್ಟು ಮುಗಿದ ಮೇಲೆ ಕೈಗೆ ಸಿಗುವವನು ನಾನೇ ತಾನೆ? ಇಲಿಗಳು ಹನ್ನೆರಡು ಎಂಬುದು ಮಾತ್ರ ಖಾತ್ರಿ. ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಹಾಗೆಂದು ಬರೆದಿದೆ. ಅಕ್ಷರವೂ ನನ್ನದೇ ಇರಬೇಕು, ಅಷ್ಟು ಕೆಟ್ಟದಾಗಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಇಲಿಗಳ ಕಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ತೆಳುವಾದ ಪದರವೊಂದಿರುತ್ತದೆ, ರೆಟಿನಾ ಎಂದು ಹೆಸರು. ಕೆಲವು ಇಲಿಗಳ ವಂಶದಲ್ಲಿ ಒಂದು ಜೀನು ಕೆಟ್ಟಿರುತ್ತದೆ. ಅಂಥ ಮರಿಯಲ್ಲಿ ಆ ಪದರ ಎಲ್ಲ ಮರಿಗಳಲ್ಲಿದ್ದಂತೆಯೇ ಬೆಳೆಯಲು ತೊಡಗುತ್ತದೆ, ಆಮೇಲೆ ಕೆಲವೇ ವಾರಗಳಲ್ಲಿ ಅದರ ಜೀವಕೋಶಗಳು ಸಾಯುತ್ತ ಹೋಗುತ್ತವೆ. ಕಣ್ಣು ಸುದ್ದಿ ಕಳಿಸುವುದನ್ನು ನಿಲ್ಲಿಸಿದ ಮೇಲೆ, ಆ ಸುದ್ದಿಗೆ ಕಾದು ಕುಳಿತ ಮೆದುಳಿನ ನರಗಳೂ ಸವೆಯುತ್ತವೆಯೇ? ಇದು ನನ್ನ ಪ್ರಶ್ನೆ. ನಮ್ಮ ದೊಡ್ಡವ್ವನ ಪ್ರಶ್ನೆ ಬೇರೆ ಇತ್ತು: “ಇಲಿ ಕಣ್ಣು ನೋಡಾವಗ ಹೆಣ್ಣು ಯಾರು ಕೊಡ್ತಾರೋ?”

ಆರು ಇಲಿಗಳು ಕೆಟ್ಟ ಜೀನಿನ ಕುರುಡು ಇಲಿಗಳು, ಆರು ಕಣ್ಣಿದ್ದವು. ಎಲ್ಲವೂ ಕರಿ ಬಣ್ಣ, ಎಲ್ಲವೂ ಹೆಣ್ಣು, ಪಕ್ಕಪಕ್ಕ ಇಟ್ಟರೆ ಅವುಗಳ ತಾಯಿಗೂ ಗುರುತು ಸಿಗುತ್ತಿರಲಿಲ್ಲ. ಅದಕ್ಕೇ ಪ್ರಯೋಗಾಲಯದ ಪದ್ಧತಿಯಂತೆ ಕಿವಿಗೆ ತೂತು ಹಾಕಿದ್ದೆ. ಎಡಗಿವಿಗೆ ತೂತಿದ್ದರೆ ಕುರುಡು, ಬಲಗಿವಿಗಿದ್ದರೆ ಕಣ್ಣಿದ್ದದ್ದು. ಮೂರು ವರ್ಷದ ನನ್ನ ದುಡಿಮೆಯೆಲ್ಲ ಆ ತೂತುಗಳಿಗೆ ಜೋತುಬಿದ್ದಿತ್ತು. ಅವು ಕಲಸಿಹೋದರೆ ನನಗೆ ಡಾಕ್ಟರೇಟೂ ಇಲ್ಲ, ಇನ್ನೊಮ್ಮೆ ಮೊದಲಿನಿಂದ ಶುರುಮಾಡುವ ಆಯುಷ್ಯವೂ ಇಲ್ಲ ಎಂದು ತಿಳಿದಿದ್ದೆ. ಆಗ ನನಗೆ ಇಪ್ಪತ್ತೇಳು ವರ್ಷ.

ಹೀಗಿರುವಾಗ ಇಲಿಗಳ ಕೋಣೆಗೆ ಜಿರಲೆ ಔಷಧ ಹೊಡೆಯಬೇಕಾಯಿತು. “ನಾಲ್ಕು ದಿನ ಎಲ್ಲಾದರೂ ಇಟ್ಟುಕೋ, ಎಲ್ಲಿ ಅಂತ ನನಗೆ ಹೇಳಬೇಡ” ಎಂದರು ನನ್ನ ಮಾರ್ಗದರ್ಶಕರು. ತೂತು ಕೊರೆದ ತಗಡಿನ ಡಬ್ಬದಲ್ಲಿ ಇಲಿಗಳನ್ನು ತುಂಬಿಕೊಂಡು, ಮುಧೋಳದಲ್ಲಿ ಬಸ್ಸು ಬದಲಿಸಿ ಬೀಳಗಿಯ ಕಡೆ ಹೊರಟೆ.

“ಡಬ್ಬ್ಯಾಗ ಏನೈತ್ರಿ?” ಎಂದ ಕಂಡಕ್ಟರ್.

“ಇಲಿ ಅದಾವ್ರಿ.”

“ನಮ್ಮ ಬಸ್ಸಿನ್ಯಾಗ ಮೊದಲ ಅದಾವಲ್ರೀ, ನೀವ್ಯಾಕ ಮತ್ತ ತಂದ್ರಿ?”

ನಮ್ಮ ಮನೆ ಬೀಳಗಿಯ ಹೊರಗಿನ ಪುನರ್ವಸತಿ ಕೇಂದ್ರದಲ್ಲಿತ್ತು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಡಿ ಹೋಗಿ, ಎಲ್ಲ ಮನೆಗಳೂ ಒಂದೇ ಅಚ್ಚಿನವಾಗಿದ್ದವು. ನಾನೇ ಎರಡು ಸಲ ಬೇರೆಯವರ ಮನೆ ಹೊಕ್ಕು ನೀರು ಕೇಳಿದ್ದೇನೆ, ಒಂದು ಕಡೆ ಚಹಾನೂ ಕೊಟ್ಟರು. ದೊಡ್ಡಪ್ಪ ಮಾತ್ರ ಕತ್ತಲಲ್ಲೂ ತಪ್ಪಿದವನಲ್ಲ. ಅವನು ಕುರಿ ಕಾಯುವವನು, ಬೀರಪ್ಪನ ಒಕ್ಕಲು. ಡಬ್ಬದ ಮುಚ್ಚಳ ತೆಗೆದು ನೋಡಿ ನಿಟ್ಟುಸಿರುಬಿಟ್ಟ.

“ಮುಧೋಳದಾಗ ಮಂದಿ ನಾಯಿ ಸಾಕತಾರ. ನೀ ಅಷ್ಟ ಕಲ್ತು ಇಲಿ ಸಾಕಿದ್ಯಲ್ಲೋ.”

ಹಾಗೆಂದವನೇ ಅವುಗಳ ಮೇವು ನೀರಿನ ಜವಾಬ್ದಾರಿಯನ್ನು ಮಾತ್ರ ಯಾರಿಗೂ ಬಿಡಲಿಲ್ಲ. ರೊಟ್ಟಿ ಮುರಿದು ಹಾಕುವುದು, ಮುಂದೆ ಕುಕ್ಕುರುಗಾಲಲ್ಲಿ ಕುಳಿತು ನೋಡುವುದು. ಎರಡು ದಿನ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಮೂರನೆಯ ದಿನ ಮಾರ್ಗದರ್ಶಕರಿಗೆ ಫೋನು ಮಾಡಲು ಬೀಳಗಿ ಪೇಟೆಗೆ ಹೋಗಿ ಬಂದೆ. ಪಡಸಾಲೆಯಲ್ಲಿ ದೊಡ್ಡಪ್ಪ ಕುಳಿತಿದ್ದ. ಕೈಯಲ್ಲಿ ದೊಡ್ಡವ್ವನ ಹೊಲಿಗೆ ಕತ್ತರಿ. ಪಕ್ಕದಲ್ಲಿ ಬೀರಪ್ಪನ ಗುಡಿಯಿಂದ ತಂದ ಭಂಡಾರ, ಅಂದರೆ ಅರಿಶಿಣಪುಡಿ. ಡಬ್ಬದಲ್ಲಿ ಹನ್ನೆರಡು ಕರಿ ಇಲಿಗಳು, ಇಪ್ಪತ್ನಾಲ್ಕು ಹಳದಿ ಕಿವಿಗಳು. ಎಲ್ಲ ಕಿವಿಗಳೂ ತುದಿಯಲ್ಲಿ ಓರೆಯಾಗಿ ಕತ್ತರಿಸಲ್ಪಟ್ಟಿದ್ದವು. ಅದು ನಮ್ಮ ಮನೆಯ ಕುರಿಗಳಿಗೆ ಹಾಕುವ ಗುರುತು. ತೂತುಗಳು ಎಲ್ಲಿಯೂ ಇಲ್ಲ.

“ಆತು,” ಎಂದ ದೊಡ್ಡಪ್ಪ. “ಲೇ, ಈಗ ಖರೆ ಹೇಳು. ಎಲ್ಲಿ ಕದ್ದಿ?”

ನಾನು ಇಲಿಯೊಂದನ್ನು ಎತ್ತಿ ಅದರ ಕಿವಿ ತಿರುಗಿಸಿ ನೋಡಿದೆ.

“ಆರಕ್ಕ ಎಡಕ್ಕ ತೂತು, ಆರಕ್ಕ ಬಲಕ್ಕ ತೂತು. ಎರಡು ಮನಿ ಮಾಲು ಒಂದ ಡಬ್ಬ್ಯಾಗ! ಕುರಿ ಕಾಯಾವಗ ಇಷ್ಟೂ ತಿಳಿಯಂಗಿಲ್ಲೇನು?”

“ದೊಡ್ಡಪ್ಪಾ, ಅದು ನಾನ ಹಾಕಿದ ಗುರುತು...”

“ಕದ್ದಾವರೆಲ್ಲಾ ಹಂಗ ಅಂತಾರ. ಹೆದರಬ್ಯಾಡ, ಗುರುತ ತಗದೇನಿ. ಈಗ ಹನ್ನೆರಡೂ ನಮ್ಮ ಮನಿವು. ಯಾವ ಪಂಚಾಯ್ತ್ಯಾಗ ಕರದ್ರೂ ನಾ ಬಂದು ನಿಂದರ್ತೇನಿ.”

“ಸಾಲಿ ಕಲಿತು ಇಲಿಗಳ್ಳ ಆದ್ಯಲ್ಲೋ ನನ್ನಪ್ಪಾ” ಎಂದು ದೊಡ್ಡವ್ವ ಒಳಗಿನಿಂದ ಮೂಗು ಸೀಟಿದಳು.

ಅಳುವುದೋ ನಗುವುದೋ ತಿಳಿಯದೆ ಎಲ್ಲವನ್ನೂ ವಿವರಿಸಿದೆ. ಜೀನು, ಪದರ, ನರ, ಮೂರು ವರ್ಷ. ದೊಡ್ಡಪ್ಪ ಮಧ್ಯೆ ಬಾಯಿ ಹಾಕದೆ ಕೇಳಿದ. ಕತ್ತರಿಯನ್ನು ನಿಧಾನವಾಗಿ ಕೆಳಗಿಟ್ಟ.

“ಅಂದ್ರ ಕುರುಡು ಯಾವು, ಕಣ್ಣಿದ್ದಾವು ಯಾವು ಅನ್ನೂದು ನಿನಗ ಗೊತ್ತಾಗವಲ್ದು.”

“ಇನ್ನ ಯಾರಿಗೂ ಗೊತ್ತಾಗಂಗಿಲ್ಲ.”

“ಪರಾತ ತಾರಬೇ” ಎಂದ ದೊಡ್ಡವ್ವನಿಗೆ.

ಹಿಟ್ಟು ನಾದುವ ಆ ಅಗಲವಾದ ಹಿತ್ತಾಳೆ ತಟ್ಟೆಯಲ್ಲಿ ಹನ್ನೆರಡನ್ನೂ ಬಿಟ್ಟು ರೊಟ್ಟಿಚೂರು ಹಾಕಿದ. ಹೆಗಲ ಕಂಬಳಿ ತೆಗೆದು, ಗಿಡುಗ ಮೇಲೆ ಹಾರಿದಂತೆ ಅದರ ನೆರಳನ್ನು ಇಲಿಗಳ ಮೇಲೆ ಆಡಿಸಿದ. ಆರು ಇಲಿಗಳು ದಿಕ್ಕಾಪಾಲಾಗಿ ಓಡಿದವು, ಆರು ನೆರಳು ಬಂದದ್ದೇ ಅರಿಯದೆ ರೊಟ್ಟಿ ತಿನ್ನುತ್ತ ಕುಳಿತವು. “ಇದು ಕುರುಡು, ಇದು ಕುರುಡು” ಎನ್ನುತ್ತ ದೊಡ್ಡಪ್ಪ ಆರನ್ನು ಎತ್ತಿ ಬೇರೆ ಇಟ್ಟ. ಬಾಲಕ್ಕೆ ಕೆಂಪು ಮಸಿ ಹಚ್ಚಿಕೊಂಡು ನಾನು ಮರುದಿನದ ಬಸ್ಸು ಹತ್ತಿದೆ. ಕುರುಡು ಇಲಿಗಳ ಬಾಲಕ್ಕೆ, ನನ್ನದಕ್ಕಲ್ಲ.

ಹಳದಿ ಕಿವಿ ನೋಡಿ ಮಾರ್ಗದರ್ಶಕರು “ಇದೇನಿದು?” ಎಂದರು. “ಸೋಂಕು ಆಗದಿರಲಿ ಅಂತ, ಸರ್” ಎಂದೆ. ಕೊನೆಯಲ್ಲಿ ಕಣ್ಣಿನ ಪದರಗಳನ್ನು ಸೂಕ್ಷ್ಮದರ್ಶಕದಡಿ ನೋಡುವವರೆಗೆ ನನ್ನ ಜೀವದಲ್ಲಿ ಜೀವವಿರಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಸರಿಯಿದ್ದವು. ‘ತಲೆಯ ಮೇಲಿನ ನೆರಳಿಗೆ ತೋರಿದ ಪ್ರತಿಕ್ರಿಯೆಯಿಂದ ಇಲಿಗಳನ್ನು ವಿಂಗಡಿಸಲಾಯಿತು’ ಎಂದು ಪ್ರಬಂಧದಲ್ಲಿ ಗಂಭೀರವಾಗಿ ಬರೆದೆ. ಕಂಬಳಿಯ ಮಾತು ಎತ್ತಲಿಲ್ಲ. ಡಾಕ್ಟರೇಟ್ ಬಂತು. ಅಂದಿನಿಂದ ಜಮಖಂಡಿಯ ಈ ಕಾಲೇಜಿನಲ್ಲಿ ಪ್ರತಿ ವರ್ಷ ಪಾಠ ಮಾಡುವಾಗ, ಅಕ್ಷರ ಬಾರದ ಕುರಿಗಾಹಿಯೊಬ್ಬ ಹೇಗೆ ಅಚ್ಚುಕಟ್ಟಾದ ಪ್ರಯೋಗ ಮಾಡಿದ ಎಂದು ಎದೆಯುಬ್ಬಿಸಿ ಹೇಳುತ್ತ ಬಂದಿದ್ದೇನೆ.

ಇದನ್ನು ಬರೆಯುವ ಮುಂಚೆ, ಅನುಮಾನದ ಗಿರಾಕಿಯಲ್ಲವೇ, ದೊಡ್ಡವ್ವನಿಗೆ ಫೋನು ಮಾಡಿದೆ. ಆರು ಓಡಿದವೋ, ಏಳೋ?

“ಎಲ್ಲಿ ಓಡಿದ್ವೋ?” ಎಂದಳು. “ಕಂಬಳಿ ವಾಸನಿಗೆ ಹನ್ನೆರಡೂ ಗಪ್ಪನ ಕುಂತಿದ್ವು.”

“ನಾನ ಕಣ್ಣಾರೆ ನೋಡೀನಿ ದೊಡ್ಡವ್ವಾ.”

“ಏನ ನೋಡ್ತಿ? ಹೆದರಿ ಎರಡೂ ಕಣ್ಣ ಮುಚಗೊಂಡು ಬೀರಪ್ಪಾ ಬೀರಪ್ಪಾ ಅನ್ನಾಕತ್ತಿದ್ದಿ.”

ನಾನು? ಬೀರಪ್ಪಾ? ಫೋನು ಕಿವಿಯಿಂದ ದೂರ ಹಿಡಿದು ಒಮ್ಮೆ ನೋಡಿದೆ. ಆ ಕಡೆ ದೊಡ್ಡಪ್ಪನ ಕೆಮ್ಮು ಕೇಳಿಸಿತು. “ಹಂಗಾದ್ರ ಕುರುಡು ಯಾವು ಅಂತ ಅವಗ ಹೆಂಗ ಗೊತ್ತಾತು?” ಎಂದೆ.

ದೊಡ್ಡಪ್ಪನೇ ಫೋನು ಕಸಿದುಕೊಂಡ. “ಮಕ ನೋಡಿ ಗೊತ್ತಾಗಂಗಿಲ್ಲೇನೋ? ಎರಡು ದಿನ ರೊಟ್ಟಿ ಹಾಕೇನಿ. ಕಿವಿ ಗುರುತು ಇರೂದು ಮಂದಿಗೆ. ಸಾಕಿದಾವಗ ಯಾತಕ್ಕ ಬೇಕು?”

“ಮತ್ತ ಕಂಬಳಿ?”

“ಅದು ನಿನ್ನ ಸಲುವಾಗಿ. ಸುಮ್ಮನ ಹೇಳಿದ್ರ ನೀ ನಂಬತಿದ್ದೇನು?” ಆಮೇಲೆ, ಬಯ್ಯುವ ದನಿಯಲ್ಲೇನೂ ಅಲ್ಲ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದ: “ಮೂರು ವರ್ಷ ಸಾಕಿದ್ಯಲ್ಲಾ, ನಿನಗ ಒಂದರದೂ ಮಕ ಗೊತ್ತಿರಲಿಲ್ಲೇನು?”

ಈ ಪ್ರಶ್ನೆಗೆ ನನ್ನ ಇಡೀ ಪ್ರಬಂಧದಲ್ಲಿ ಉತ್ತರವಿಲ್ಲ. ನಿನ್ನೆ ಹುಡುಕಿದೆ.

ಇಂದು ಬೆಳಿಗ್ಗೆ ಕ್ಲಾಸಿಗೆ ಹೋದಾಗ ಹಾಜರಿ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟೆ. ಎರಡು ವರ್ಷದಿಂದ ಇವರನ್ನು ನಂಬರು ಕೂಗಿಯೇ ಬಲ್ಲೆ, ಇವತ್ತು ಮುಖ ನೋಡಿ ಹೆಸರು ಹೇಳೋಣವೆಂದು ಹಿಂದಿನ ಬೆಂಚಿನ ತುದಿಯಿಂದ ಶುರುಮಾಡಿದೆ. “ನೀ ಬಸವರಾಜ, ಹೌದಲ್ಲ?”

ಅವನು ಎದ್ದು ನಿಂತ. “ಅಲ್ರೀ ಸರ್. ನಾ ಫ್ಯಾನ್ ರಿಪೇರಿಗೆ ಬಂದೇನ್ರಿ. ನಿಮ್ಮ ಪಾಠ ಮುಗೀಲಂತ ಕುಂತೇನ್ರಿ.”

ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ನಗು ತಗ್ಗಿದ ಮೇಲೆ ಅವನ ಹತ್ತಿರ ಹೋಗಿ ಹೆಸರು ಕೇಳಿದೆ. ಮಲ್ಲಪ್ಪನಂತೆ. ಬಲಗಡೆಯ ಹುಬ್ಬು ಎಡಕ್ಕಿಂತ ಕೊಂಚ ಮೇಲಿದೆ. ನಗುವಾಗ ಮೊದಲು ಗಲ್ಲ ಅಲುಗುತ್ತದೆ. ಒಬ್ಬನಾಯಿತು ಎಂದುಕೊಂಡು ಪಕ್ಕದವನ ಕಡೆ ತಿರುಗಿದೆ.