ಅತ್ತೆಯ ಕುಟ್ಟಾಣಿ ಕುಟ್ಟಿದವಳು

ಕಮಲಾ, ನಮ್ಮ ಉಗ್ರಾಣದೊಳಗೆ ಮಧ್ಯಾಹ್ನದ ಹೊತ್ತು ಎಲೆಅಡಿಕೆ ಕುಟ್ಟುತ್ತಿದ್ದದ್ದು ನಿನ್ನ ಅಮ್ಮನ ಆತ್ಮವಲ್ಲ. ನಾನು. ನಿನ್ನ ಅತ್ತಿಗೆ. ನಿನ್ನ ಮದುವೆ ಮುರಿದವಳೂ ನಾನೇ.

ಇಷ್ಟು ಬರೆದು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಹೆದರಿಕೆ ಇದ್ದೇ ಇದೆ. ಆದರೆ ಸುಳ್ಳು ಯಾಕೆ ಹೇಳಲಿ — ಒಂದು ಮೂಲೆಯಲ್ಲಿ ನಗುವೂ ಬರುತ್ತಿದೆ. ಇಷ್ಟು ವರ್ಷ ನಮ್ಮ ವಂಶದವರೆಲ್ಲ ಕೈಮುಗಿದ ದೆವ್ವ ನಾನು!

ಯಲಹಂಕದ ಹಳೇ ಊರಿನ ಆ ಮನೆಗೆ ನಾನು ಸೊಸೆಯಾಗಿ ಬಂದಾಗ ಅತ್ತೆಗೆ ಆಗಲೇ ಹಲ್ಲಿರಲಿಲ್ಲ. ಎಲೆ, ಅಡಿಕೆ, ಚೂರು ಸುಣ್ಣ ಕಬ್ಬಿಣದ ಕುಟ್ಟಾಣಿಗೆ ಹಾಕಿ ಮೆತ್ತಗೆ ಕುಟ್ಟಿಕೊಡುವುದು ನನ್ನ ಕೆಲಸ. ಕುಟ್ಟಿದ್ದರಲ್ಲಿ ಒಂದು ಚಿಟಿಕೆ ತೆಗೆದು, "ಬಾಯ್ ತೆಗಿಯೇ, ನಿಮ್ಮಾವ ಮಲಗವ್ರೆ," ಎಂದು ನನ್ನ ಬಾಯಿಗೆ ತುರುಕುತ್ತಿದ್ದರು. ಸೊಸೆಯಾದವಳು ಎಲೆಅಡಿಕೆ ಮೆಲ್ಲುವುದೆಂದರೆ ಮಾವನವರಿಗೆ ಆಗುತ್ತಿರಲಿಲ್ಲ, ಗಂಡುಬೀರಿತನ ಎನ್ನುತ್ತಿದ್ದರು. ಹಾಗಾಗಿ ಅದು ನಮ್ಮಿಬ್ಬರ ಕಳ್ಳತನ. ತವರು ಬಿಟ್ಟು ಬಂದವಳಿಗೆ ಆ ಮನೆಯಲ್ಲಿ ಮೊದಲು ಸಿಕ್ಕ ಪ್ರೀತಿ ಆ ಒಂದು ಚಿಟಿಕೆ, ಕಮಲಾ.

ಮಾಘದಲ್ಲಿ ಅತ್ತೆ ಹೋದರು. ಚಟ ಹೋಗಲಿಲ್ಲ. ಹಲ್ಲಿದ್ದವಳಿಗೆ ಕುಟ್ಟಾಣಿ ಯಾಕೆ ಎಂದು ನೀನು ಕೇಳಬಹುದು. ಕುಟ್ಟಿದ ಎಲೆಯ ರುಚಿಯೇ ಬೇರೆ — ಅದು ಅತ್ತೆಯ ಕೈಯ ರುಚಿ. ಊಟವಾಗಿ ಎಲ್ಲರೂ ಒರಗಿದ ಮೇಲೆ ಹಿತ್ತಲ ಕಡೆಯ ಬಾಗಿಲಿನಿಂದ ಉಗ್ರಾಣಕ್ಕೆ ಹೋಗಿ, ಅಕ್ಕಿ ಮೂಟೆಯ ಹಿಂದೆ ಕೂತು ಕುಟ್ಟಿಕೊಳ್ಳುತ್ತಿದ್ದೆ. ಸುಣ್ಣ ಮಾತ್ರ ಹಾಕುತ್ತಿರಲಿಲ್ಲ. ಬಾಯಿ ಕೆಂಪಾದರೆ ಸಿಕ್ಕಿಬೀಳುತ್ತಿದ್ದೆನಲ್ಲ.

ಒಂದು ದಿನ ಬಾಯಿ ಮುಕ್ಕಳಿಸಿ, ಹಿತ್ತಲಿನಿಂದ ಪಾತ್ರೆ ಹಿಡಿದುಕೊಂಡು ಏನೂ ಅರಿಯದವಳಂತೆ ಒಳಗೆ ಬಂದೆ. ಪಡಸಾಲೆಯಲ್ಲಿ ಮಾವನವರು ಚಾಪೆಯ ಮೇಲೆ ನೆಟ್ಟಗೆ ಕೂತಿದ್ದರು. ನೀನು ಅವರ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದೆ. ಉಗ್ರಾಣದ ಮುಚ್ಚಿದ ಬಾಗಿಲಿನ ಕಡೆ ಕೈತೋರಿಸಿ ಮಾವನವರು ಕೇಳಿದರು, "ಕೇಳಿಸ್ತೇನಮ್ಮ? ಅವ್ಳು ಬಂದವ್ಳೆ."

ಆಗಲೇ ಹೇಳಬೇಕಿತ್ತು. ನಾನೇ ಮಾವ, ಎಲೆಅಡಿಕೆ ಹಾಕ್ಕೊಂಡೆ, ತಪ್ಪಾಯ್ತು — ಇಷ್ಟೇ. ಎರಡು ಬೈಗುಳ ತಿಂದಿದ್ದರೆ ಮುಗಿಯುತ್ತಿತ್ತು. ನಾಚಿಕೆ ಬಂತು. "ಏನ್ ಮಾವ? ನಂಗೇನೂ ಕೇಳಿಸ್ಲಿಲ್ವಲ್ಲ," ಎಂದುಬಿಟ್ಟೆ. ನಮ್ಮ ಮನೆಯ ದೆವ್ವ ಹುಟ್ಟಿದ್ದು ಆ ಮಾತಿನಿಂದ.

ಆಮೇಲೆ ನಿನಗೆ ಗೊತ್ತೇ ಇದೆ. ಹಾಲು ಒಡೆದರೆ ಅತ್ತೆ, ಬೀರುವಿನ ಬೀಗದಕೈ ಕಾಣದಿದ್ದರೆ ಅತ್ತೆ, ನಿಮ್ಮಣ್ಣನ ಚಪ್ಪಲಿ ಬಚ್ಚಲಲ್ಲಿ ಸಿಕ್ಕರೂ ಅತ್ತೆ. ಪಕ್ಕದ ಮನೆಯ ಖೈರುನ್ನೀಸಮ್ಮ ದರ್ಗಾದಿಂದ ತಾಯತ ತಂದುಕೊಟ್ಟರು. ನಾನು ಭಕ್ತಿಯಿಂದ ಕಟ್ಟಿಸಿಕೊಂಡೆ — ನನ್ನಿಂದ ನನ್ನನ್ನೇ ಕಾಪಾಡಿಕೊಳ್ಳಲು! ಬಿಡಬೇಕು ಬಿಡಬೇಕು ಎಂದುಕೊಳ್ಳುತ್ತಲೇ ಕುಟ್ಟುತ್ತಿದ್ದೆ.

ಅಷ್ಟರಲ್ಲಿ ನಿನಗೆ ಮಾಕಳಿ ಊರಿನ ಸಂಬಂಧ ಬಂತು. ತಾಯಿ ಸತ್ತ ವರ್ಷದೊಳಗೆ ಹೆಣ್ಣುಮಗಳ ಮದುವೆ ಮಾಡಿಬಿಡಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಎನ್ನುವ ಶಾಸ್ತ್ರ ಹಿಡಿದು ಮಾವನವರು ಆತುರಕ್ಕೆ ಬಿದ್ದರು. ನಿನಗೆ ಆಗ ತಾನೇ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. "ಕಂಡೋರ ಮೈ ತೊಳಿಯೋ ಕೆಲ್ಸ ನಮ್ಮನೆ ಹೆಣ್ಣಿಗೆ ಬೇಡ," ಎಂದರು ಮಾವ. ಗಂಡಿನವರೂ ಅದನ್ನೇ ಹೇಳಿದರು. ಹುಡುಗ ಕೆಟ್ಟವನಲ್ಲ, ಪಾಪ. ಆದರೆ ನೀನು ಬಾವಿಕಟ್ಟೆಯ ಹತ್ತಿರ ನನ್ನ ಸೆರಗು ಹಿಡಿದುಕೊಂಡು, "ಅತ್ತಿಗೆ, ನಾನು ಓದ್ಬೇಕು. ಏನಾದ್ರೂ ಮಾಡಿ ಅತ್ತಿಗೆ," ಎಂದೆಯಲ್ಲ — ಆ ಮುಖದಲ್ಲಿ ನನ್ನನ್ನೇ ಕಂಡೆ. ನಾನೂ ಓದಬೇಕೆಂದಿದ್ದವಳೇ. ಯಾರೂ ಏನೂ ಮಾಡಿರಲಿಲ್ಲ.

ಗಂಡಿನವರು ಪಕ್ಷಮಾಸ ಶುರುವಾಗುವ ಮೊದಲೇ ನಿನ್ನನ್ನು ನೋಡಿ, ತಟ್ಟೆಯಲ್ಲಿ ಕಾಯಿ, ಅಡಿಕೆ ಇಟ್ಟುಹೋಗಿದ್ದರು. ನಮ್ಮ ಕಡೆಯಿಂದ ತಿರುಗಿ ಕಾಯಿ ಹೋದರೆ ಸಂಬಂಧ ಗಟ್ಟಿಯಾದಂತೆ. ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಮಾವನವರು ಹೇಳಿದರು, "ಅವ್ಳಿರೋದೇ ಉಗ್ರಾಣದಾಗೆ. ಅಲ್ಲೇ ಇಕ್ಕಿ ಎಡೆ. ಈ ತಟ್ಟೇನೂ ಮುಂದಿಕ್ಕಿ. ಅವ್ಳು ಒಪ್ಪುದ್ರೆ ನಂದೂ ಒಪ್ಗೆ."

ಅತ್ತೆಗೆ ಇಷ್ಟವಾದದ್ದನ್ನೆಲ್ಲ ಬಡಿಸಿದೆವು — ಕಜ್ಜಾಯ, ಕಡುಬು, ಕೋಳಿ ಸಾರು. ಪಕ್ಕದಲ್ಲಿ ಎಲೆ, ಅಡಿಕೆ, ಕುಟ್ಟಾಣಿ. ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದಲ್ಲ. ಪಡಸಾಲೆಯ ತುಂಬ ನೆಂಟರು ಕೂತರು. ನಾನು ತಲೆಬಗ್ಗಿಸಿ, "ಕಾಗೆಗೆ ಎಡೆ ಇಟ್ ಬರ್ತೀನಿ ಮಾವ," ಎಂದೆ.

ಹಿತ್ತಲಿಗೆ ಹೋದೆ. ಕಾಗೆಗೆ ಅನ್ನ ಇಟ್ಟೆ. ಬೆಳಗ್ಗೆಯೇ ಅಗುಳಿ ತೆಗೆದಿಟ್ಟಿದ್ದ ಹಿಂಬಾಗಿಲು ತಳ್ಳಿ ಉಗ್ರಾಣದೊಳಗೆ ಹೊಕ್ಕೆ. ಕುಟ್ಟಾಣಿ ತೆಗೆದುಕೊಂಡು ಕುಟ್ಟಿದೆ — ಟಕ್, ಟಕ್, ಟಕ್ — ಹಾಡುಹಗಲಿನಲ್ಲಿ, ಅಷ್ಟೂ ಜನಕ್ಕೆ ಕೇಳುವ ಹಾಗೆ. ಬಾಗಿಲಿನ ಆಚೆ ಯಾರೋ "ಅವ್ವಾ!" ಎಂದು ಕಿರುಚಿದರು. ಮಾಕಳಿಯ ತಟ್ಟೆಯನ್ನು ಎಡೆಯಿಂದ ದೂರ ತಳ್ಳಿ, ಹೊಸ್ತಿಲ ಹತ್ತಿರ ಮಗುಚಿ ಹಾಕಿದೆ. ಹೊರಗೆ ಬಂದರೆ ಕಾಗೆ ಅನ್ನ ಮುಟ್ಟದೆ ನನ್ನನ್ನೇ ನೋಡುತ್ತಿತ್ತು.

ಬಾಗಿಲು ತೆರೆದಾಗ ಏನಾಯಿತೆಂದು ನೀನೇ ಎಲ್ಲರಿಗೂ ಹೇಳುತ್ತೀಯ. ಕುಟ್ಟಾಣಿಯಲ್ಲಿ ಹಸಿ ಎಲೆಯ ವಾಸನೆ. ಹೊಸ್ತಿಲಲ್ಲಿ ಉರುಳಿದ ಕಾಯಿ. ಮಾವನವರು ಅಲ್ಲೇ ಕುಸಿದು ಕೂತು, "ಬೇಡ ಅಂತಾಳೆ. ತನ್ ಎಲೆ ಹಾಕ್ಕೊಂಡು ಅವರ ಕಾಯಿ ಒದ್ದವ್ಳೆ. ಬೇಡ ಬಿಡ್ರಪ್ಪ," ಎಂದರು. ವರ್ಷದೊಳಗೆ ಬೇರೆ ಗಂಡು ನೋಡಲು ಮಾವನವರಿಗೆ ಧೈರ್ಯ ಬರಲಿಲ್ಲ, ನಿನ್ನ ಓದಿಗೂ ಅಡ್ಡಬರಲಿಲ್ಲ; ಇನ್ನು ಕಾಯುವುದು ಮೂರು ವರ್ಷ. ನಿನ್ನ ತರಬೇತಿಯೂ ಮೂರು ವರ್ಷ. ಗೆದ್ದೆ ಕಮಲಾ! ಹಿತ್ತಲಿಗೆ ಓಡಿಹೋಗಿ, ಬಾವಿಕಟ್ಟೆ ಹಿಡಿದುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ, ಕಣ್ಣೀರು ಸುರಿಸಿದೆ, ಮತ್ತೆ ನಕ್ಕೆ. ಇವತ್ತಿಗೂ ಅದಕ್ಕೆ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ. ಬಿಳಿ ಸೀರೆ ಉಟ್ಟು ನೀನು ಮೊದಲ ದಿನ ಬಸ್ಸು ಹತ್ತಿದಾಗ ಊರಿನ ಹೆಂಗಸರೆಲ್ಲ ಜಗಲಿಗೆ ಬಂದು ನಿಂತು ನೋಡಿದರು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ, ಆ ಬಸ್ಸು ನನ್ನದೇ ಎನ್ನುವ ಹಾಗೆ.

ತಪ್ಪು ಅದಲ್ಲ. ತಪ್ಪು ಅದರ ಮುಂದಿನದು.

ಅಂದಿನಿಂದ ಮಾವನವರು ಮಧ್ಯಾಹ್ನ ಮಲಗುವುದು ಬಿಟ್ಟರು. ಉಗ್ರಾಣದ ಬಾಗಿಲಿಗೆ ಒರಗಿ ಕೂತು, "ಇವ್ಳೇ, ಇದ್ದೀಯೇನೇ?" ಎನ್ನುತ್ತಿದ್ದರು. ನಾನು ಕುಟ್ಟದ ದಿನ ಅವರು ರಾತ್ರಿ ಊಟ ಮಾಡುತ್ತಿರಲಿಲ್ಲ. ಅದಕ್ಕೆಂದೇ ಕುಟ್ಟತೊಡಗಿದೆ. ಆಮೇಲೆ ಅವರು ಮಾತಾಡತೊಡಗಿದರು — ಗಂಡ ಹೆಂಡತಿಗೆ ಹೇಳುವ ಮಾತುಗಳು. ಮೂಟೆಯ ಹಿಂದೆ ಕೂತ ಸೊಸೆ ಕೇಳಬಾರದವು. ಕೇಳಿದೆ. ಎದ್ದು ಹೋಗಬಹುದಿತ್ತು... ಹೋಗಲಿಲ್ಲ.

ಒಂದು ಮಧ್ಯಾಹ್ನ ಅವರ ದನಿ ಒಡೆದಿತ್ತು. "ನಿಮ್ಮಪ್ಪ ಸತ್ತಾಗ ಸುಗ್ಗಿ ಅಂತ ನಿನ್ನ ಕಳಿಸ್ಲಿಲ್ಲ ನಾನು. ಮಕ ನೋಡಾಕೂ ಆಗ್ಲಿಲ್ಲ ನಿಂಗೆ. ಇಂಗೆ ಮಾಡಬಾರ್ದಿತ್ತು ಕಣೇ. ತಪ್ಪಾಯ್ತು. ಕ್ಷಮಿಸಿದ್ರೆ ಒಂದ್ ಏಟು ಕುಟ್ಟು."

ನನ್ನ ಕೈಯಲ್ಲಿ ಕುಟ್ಟಾಣಿ. ಅತ್ತೆ ಇದ್ದಿದ್ದರೆ ಏನು ಮಾಡುತ್ತಿದ್ದರೋ! ತಮ್ಮ ಅಪ್ಪನ ಮಾತು ಬಂದಾಗಲೆಲ್ಲ ಅವರು ಮಾತು ನಿಲ್ಲಿಸಿ ಗೋಡೆ ನೋಡುತ್ತಿದ್ದರು, ಅದನ್ನು ನಾನು ಕಂಡಿದ್ದೆ. ಆ ನೋವು ನನ್ನದಲ್ಲ. ಅದನ್ನು ಮನ್ನಿಸುವ ಹಕ್ಕೂ ನನ್ನದಲ್ಲ. ಆದರೂ ಆಚೆ ಆ ಮುದುಕ ಬಿಕ್ಕುತ್ತಿದ್ದರು...

ಕುಟ್ಟಿದೆ. ಒಂದು ಏಟು.

ಅವರು ಮಗುವಿನ ಹಾಗೆ ಅತ್ತರು. ಆ ರಾತ್ರಿ ಎರಡು ಮುದ್ದೆ ಉಂಡರು. ಕೊನೆಗಾಲದಲ್ಲಿ ನೀನು ಅವರ ಮೈ ತೊಳೆದು, ಗಾಯಕ್ಕೆ ಔಷಧಿ ಹಚ್ಚುವಾಗ, ನೋಡಲು ಬಂದವರಿಗೆಲ್ಲ, "ನನ್ ಮಗ್ಳು ನರ್ಸಮ್ಮ! ಇವಳವ್ವ ಯೋಳಿದ್ದೇ ಸರಿ ಆಯ್ತು," ಎಂದು ಬೀಗಿದರು. ನೆಮ್ಮದಿಯಿಂದ ಹೋದರು. ಆ ನೆಮ್ಮದಿ ನಾನು ಕದ್ದು ತಂದುಕೊಟ್ಟದ್ದು — ನಿನ್ನ ಅಮ್ಮನ ಹತ್ತಿರ ಕೇಳದೆ.

ಒಂದು ಮಾತ್ರ ನನಗೆ ಈಗಲೂ ತಿಳಿಯದು. ಒಮ್ಮೆ ನಾನು ದೊಡ್ಡಬಳ್ಳಾಪುರದ ತವರಿಗೆ ಹೋಗಿ ತಿರುಗಿ ಬಂದಾಗ ಮಾವನವರು ಸಂತೋಷದಿಂದ, "ನೆನ್ನೆ ಬಾಳ ಹೊತ್ತು ಕುಟ್ಟುದ್ಲು ಕಣಮ್ಮ," ಎಂದರು. ನಾನು ಮನೆಯಲ್ಲೇ ಇರಲಿಲ್ಲ. ಕುಟ್ಟಾಣಿಯನ್ನು ಮೂಸಿ ನೋಡಿದೆ. ಹಸಿ ಎಲೆಯ ವಾಸನೆಯ ಜೊತೆಗೆ ತಳದಲ್ಲಿ ಬೆಳ್ಳಗೆ ಸುಣ್ಣವಿತ್ತು. ಮಾವನವರೇ ಕುಟ್ಟಿಕೊಂಡರೋ ಏನೋ... ಅವರು ಎಲೆ ಹಾಕುತ್ತಿರಲಿಲ್ಲವಲ್ಲ.

"ಸತ್ತ ಮೇಲೂ ನಮ್ಮಮ್ಮ ನನ್ನ ಕೈಬಿಡಲಿಲ್ಲ," ಎಂದು ನೀನು ನಿನ್ನ ಕೈಕೆಳಗಿನ ನರ್ಸುಗಳಿಗೆಲ್ಲ ಹೇಳುತ್ತೀಯ. ನಿನ್ನನ್ನು ಓದಿಸಬೇಕೆಂದು ಅತ್ತೆ ನನ್ನ ಹತ್ತಿರ ಹೇಳಿಹೋಗಿದ್ದರು ಎಂದು ಬರೆದರೆ ನಿನಗೂ ಹಿತ, ನನಗೂ ಹಿತ. ಅವರು ಹಾಗೆ ಯಾವತ್ತೂ ಹೇಳಿರಲಿಲ್ಲ ಕಮಲಾ. ಇದ್ದಿದ್ದರೆ ಮಾಕಳಿಯ ಸಂಬಂಧಕ್ಕೆ ಖುಷಿಯಿಂದ ಒಪ್ಪುತ್ತಿದ್ದರೇನೋ. ಅವರ ಹೆಸರಿನಲ್ಲಿ ಬೇಡ ಎಂದವಳು ನಾನು, ಕ್ಷಮಿಸಿದೆ ಎಂದವಳೂ ನಾನು. ಮೊದಲನೆಯದಕ್ಕೆ ನನ್ನನ್ನು ಬೈಯಬೇಡ. ಎರಡನೆಯದಕ್ಕೆ ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ.

ಭಾನುವಾರ ನೀನು ಬರುತ್ತೀಯ. ಅಷ್ಟರಲ್ಲಿ ಈ ಕಾಗದ ನಿನ್ನ ಕೈಸೇರಿರುತ್ತದೆ. ಬಾಗಿಲು ತೆರೆದಿಟ್ಟು, ಪಡಸಾಲೆಯ ನಡುವೆ ಕೂತು, ಬಾಯಿ ಕೆಂಪಾಗುವಷ್ಟು ಸುಣ್ಣ ಹಾಕಿ ಕುಟ್ಟುತ್ತಿರುತ್ತೇನೆ. ಬೀದಿಯಿಂದಲೇ ನಿನಗೆ ಕೇಳಿಸುತ್ತದೆ. ಅಮ್ಮ ಎಂದುಕೊಳ್ಳಬೇಡ. ನಾನು.